ಹಳೆಯ ಕ್ಯಾಮರಾಗಳ ಕಾಯಿಲೆಗಳು

ಹಳೆಯ ಕ್ಯಾಮರಾ ಕೆಟ್ಟುಹೋಗಿದೆಯೆಂದು ಹೇಳುವವರು ಬಹುಮಂದಿ. ಅದರಲ್ಲಿ ಕೆಟ್ಟಿರುವುದು ಏನೆಂದು ಹೇಳಬಲ್ಲವರು ಕೆಲವರೇ. ಶಿವಮೊಗ್ಗದ ಹಳೆಯ ಮನೆಗಳಲ್ಲಿ ಬೀರುವಿನ ಮೇಲಿನ ಅರೆಯನ್ನು ಹುಡುಕಿದರೆ ಚರ್ಮದ ಚೀಲದೊಳಗೆ ಒಂದು ಕ್ಯಾಮರಾ ಸಿಕ್ಕುವುದು ಅಪರೂಪವಲ್ಲ. ಅಜ್ಜನ ಕಾಲದ ಮಡಚುವ ಜರ್ಮನ್ ಕ್ಯಾಮರಾ ಆಗಿರಬಹುದು, ಬರೋಡದಲ್ಲಿ ತಯಾರಾದ ಅಗ್ಫಾ ಕ್ಲಿಕ್ ಆಗಿರಬಹುದು, ತಂದೆಯವರು ಮದುವೆಯಾದ ಹೊಸತರಲ್ಲಿ ಕೊಂಡ ಯಾಷಿಕಾ ಅಥವಾ ಪೆಂಟಾಕ್ಸ್ ಆಗಿರಬಹುದು. ಈಚಿನ ವರ್ಷಗಳಲ್ಲಿ ತರುಣರು ಇವನ್ನು ಮತ್ತೆ ಹೊರಕ್ಕೆ ತೆಗೆಯುತ್ತಿದ್ದಾರೆ. ಅಂಚೆಯ ಮೂಲಕ ಫಿಲಂ ತರಿಸುತ್ತಾರೆ. ಒಂದು ಸುರುಳಿ ಹಾಳಾದ ಮೇಲೆ, ತಿಳಿದವರೆಂಬ ಭ್ರಮೆಯಿಂದ ನಮ್ಮಲ್ಲಿಗೆ ಬರುತ್ತಾರೆ. ಹೀಗೆ ನಮ್ಮ ಕೈಗೆ ಬಂದ ಕ್ಯಾಮರಾಗಳಲ್ಲಿ ನಿಜವಾಗಿ ಮುರಿದಿದ್ದುವು ತೀರ ಕಡಮೆ. ಮಿಕ್ಕವು ಗಟ್ಟಿಯಾದ ಎಣ್ಣೆಯಿಂದಲೂ, ಮಲೆನಾಡಿನ ತೇವದಿಂದಲೂ, ಸರಿಮಾಡಲು ಹೊರಟವರ ಆತುರದಿಂದಲೂ ನಿಂತುಹೋದಂಥವು. ಈ ಮೂರನೆಯ ಕಾರಣವನ್ನು ನಾವು ಪರರ ಮೇಲೆ ಹೊರಿಸುತ್ತಿಲ್ಲ. ಸ್ವಂತ ಅನುಭವದಿಂದ ಹೇಳುತ್ತಿದ್ದೇವೆ.

ನಮ್ಮ ಸೋದರಮಾವನವರಿಗೆ ಒಂದು ಮಡಚುವ ಕ್ಯಾಮರಾ ಇತ್ತು. ಒಂದು ಸುರುಳಿಗೆ ಎಂಟು ಚಿತ್ರಗಳು ಬರುವ ಬಗೆಯದು. ಅವರು ಅದನ್ನು ನಮಗೆ ಕೊಟ್ಟಾಗ ವೇಗವಾದ ಷಟರು ಸರಿಯಾಗಿದ್ದು, ಒಂದು ಸೆಕೆಂಡು, ಅರ್ಧ ಸೆಕೆಂಡುಗಳಲ್ಲಿ ಮಾತ್ರ ನಡುವೆ ನಿಂತುಬಿಡುತ್ತಿತ್ತು. ನಾವು ಹೊಲಿಗೆ ಯಂತ್ರಕ್ಕೆ ಹಾಕುವ ಎಣ್ಣೆಯ ಒಂದು ತೊಟ್ಟನ್ನು ಕಡ್ಡಿಯ ತುದಿಯಿಂದ ಅದರೊಳಕ್ಕೆ ಬಿಟ್ಟೆವು. ಆ ಸಂಜೆಯೇ ಷಟರು ಗಡಿಯಾರದಂತೆ ನಡೆಯಿತು. ನಮಗೆ ಹೆಮ್ಮೆಯೂ ಆಯಿತು. ಎರಡು ತಿಂಗಳ ತರುವಾಯ, ಮಳೆ ಬಿಡುವು ಕೊಟ್ಟ ಒಂದು ದಿನ, ತುಂಗೆಯೂ ಭದ್ರೆಯೂ ಸೇರುವ ಕೂಡಲಿಗೆ ಮಾವನವರನ್ನು ಕರೆದುಕೊಂಡು ಹೋಗಿ, ನದಿಯ ಕಡೆಗೆ ಮುಖಮಾಡಿ ಮೆಟ್ಟಿಲ ಮೇಲೆ ಕೂರಿಸಿ, ಎಂಟು ಚಿತ್ರಗಳನ್ನೂ ತೆಗೆದೆವು. ಪ್ರತಿಸಲವೂ ‘ಟಿಕ್’ ಎಂಬ ಸದ್ದು ಕೇಳಿಸಿತು. ಫಿಲಮನ್ನು ತೊಳೆಸಿ ನೋಡಿದರೆ ಆದಿಯಿಂದ ಅಂತ್ಯದವರೆಗೆ ಗಾಜಿನಂತೆ ತಿಳಿಯಾಗಿತ್ತು. ಇನ್ನೊಮ್ಮೆ ತೆಗೆದರಾಯಿತೆಂದುಕೊಂಡೆವು. ಆ ಕಾರ್ತಿಕದಲ್ಲಿ ಮಾವನವರು ತೀರಿಕೊಂಡರು.

ಆ ಕ್ಯಾಮರಾವನ್ನೂ ಆ ಖಾಲಿ ಫಿಲಮನ್ನೂ ಹಿಡಿದುಕೊಂಡು ನಾವು ಭದ್ರಾವತಿಗೆ ಹೋದೆವು. ೧೯೨೩ರಲ್ಲಿ ಕೆಲಸ ಆರಂಭಿಸಿದ ಅಲ್ಲಿನ ಕಬ್ಬಿಣದ ಕಾರ್ಖಾನೆಯನ್ನು ಬಲ್ಲವರಿಗೆ, ಆ ಊರಿನಲ್ಲಿ ಲೋಹದ ಮನಸ್ಸನ್ನರಿತ ಕೈಗಳು ಎಷ್ಟು ಬೆಳೆದವೆಂಬುದನ್ನು ಹೇಳಬೇಕಾಗಿಲ್ಲ. ಕಾರ್ಖಾನೆಯ ಟೂಲ್ ರೂಮಿನಲ್ಲಿ ಆಯುಷ್ಯವನ್ನು ಕಳೆದು ನಿವೃತ್ತರಾದ ಹಿರಿಯರೊಬ್ಬರು ಮನೆಯ ಪಡಸಾಲೆಯಲ್ಲಿ ಗಡಿಯಾರ, ಕ್ಯಾಮರಾಗಳನ್ನು ಬಿಚ್ಚಿ ಜೋಡಿಸುತ್ತಿದ್ದರು. ನಾವು ಕ್ಯಾಮರಾವನ್ನು ಮುಂದಿಟ್ಟರೆ ಅವರು ಅದನ್ನು ಮುಟ್ಟಲೇ ಇಲ್ಲ. ಮೊದಲು ಫಿಲಮನ್ನು ಕೇಳಿ ಪಡೆದು ಕಿಟಕಿಯ ಬೆಳಕಿಗೆ ಹಿಡಿದರು. ಆಮೇಲೆ, “ಮೇಷ್ಟ್ರೇ, ಇದಕ್ಕೆ ಎಣ್ಣೆ ಹಾಕಿದೋರು ಯಾರು?” ಎಂದರು. ನಾವೇ ಎಂದು ಒಪ್ಪಿಕೊಂಡೆವು. “ನಮ್ಮ ಕಾರ್ಖಾನೇಲಿ ಎಣ್ಣೆ ಹಾಕದೇ ಇದ್ದೋನಿಗೆ ದಂಡ. ಇಲ್ಲಿ ಹಾಕಿದೋನಿಗೆ ದಂಡ” ಎಂದು ನಕ್ಕರು. ಈ ಲೇಖನದಲ್ಲಿರುವ ತಿಳಿವಳಿಕೆಯಲ್ಲಿ ಪುಸ್ತಕಗಳಿಂದ ಬಂದುದೂ ಉಂಟು. ಆದರೆ ಯಾವುದನ್ನು ಮೊದಲು ನೋಡಬೇಕು, ಎಲ್ಲಿ ಕೈ ನಿಲ್ಲಿಸಬೇಕು ಎಂಬುದನ್ನು ಆ ಪಡಸಾಲೆಯಲ್ಲಿಯೇ ಕಲಿತೆವು.

ಮೊದಲು ನೋಡಬೇಕಾದುದು ಯಂತ್ರವನ್ನಲ್ಲ, ನೆಗೆಟಿವನ್ನು. ನೆಗೆಟಿವಿನಲ್ಲಿ ಬೆಳಕು ಬಿದ್ದ ಎಡೆಯು ಕಪ್ಪಾಗಿಯೂ ಬೀಳದ ಎಡೆಯು ತಿಳಿಯಾಗಿಯೂ ಇರುವುದೆಂಬುದನ್ನು ನೆನಪಿಟ್ಟರೆ, ಕ್ಯಾಮರಾ ತನ್ನ ಕಾಯಿಲೆಯನ್ನು ತಾನೇ ಬರೆದಿಟ್ಟಿರುವುದು ಕಾಣುತ್ತದೆ. ಫಿಲಮಿನ ಅಂಚಿನಲ್ಲಿ ತಯಾರಕರು ಮೊದಲೇ ಬೆಳಕಿನಿಂದ ಅಚ್ಚುಹಾಕಿದ ಅಂಕೆಗಳೂ ಹೆಸರೂ ಇರುತ್ತವೆ. ಚಿತ್ರವೇನೂ ಮೂಡದೆ ಈ ಅಂಕೆಗಳು ಮಾತ್ರ ಚೆನ್ನಾಗಿ ಕಪ್ಪಾಗಿ ಮೂಡಿದ್ದರೆ, ತೊಳೆದವನ ತಪ್ಪಿಲ್ಲ. ಫಿಲಮಿಗೆ ಬೆಳಕೇ ಮುಟ್ಟಿಲ್ಲ. ಆಗ ಷಟರು ತೆರೆದಿಲ್ಲ, ಇಲ್ಲವೆ ಫಿಲಂ ಮುಂದಕ್ಕೆ ಸರಿದಿಲ್ಲ, ಇಲ್ಲವೆ ಮಸೂರದ ಮುಚ್ಚಳವನ್ನು ತೆಗೆದಿಲ್ಲ. (ಈ ಕೊನೆಯ ಕಾಯಿಲೆಯೂ ಬಹು ಸಾಮಾನ್ಯವಾದುದೇ.) ಅಂಕೆಗಳು ಕೂಡ ಮೂಡದಿದ್ದರೆ ತಪ್ಪು ತೊಳೆದ ರಸಾಯನದ್ದು, ಕ್ಯಾಮರಾವನ್ನು ಬಿಚ್ಚುವುದು ವ್ಯರ್ಥ. ನಮ್ಮ ಕೂಡಲಿಯ ಫಿಲಮಿನಲ್ಲಿ ಅಂಕೆಗಳು ಸ್ಪಷ್ಟವಾಗಿದ್ದುವು.

ಬೇಡದ ಬೆಳಕು ಒಳಹೊಕ್ಕು ಚಿತ್ರವನ್ನು ಮಬ್ಬುಮಾಡಿದಾಗಲೂ ಇದೇ ಕ್ರಮ. ಆ ಮಬ್ಬು ಚಿತ್ರದ ಚೌಕಟ್ಟನ್ನು ದಾಟಿ ಫಿಲಮಿನ ಅಂಚಿನವರೆಗೆ, ಅಂಚಿನ ತೂತುಗಳವರೆಗೆ ಹರಿದಿದ್ದರೆ ಬೆಳಕು ಹಿಂಬಾಗಿಲಿನ ಸಂದಿನಿಂದ ಬಂದಿದೆ. ಚೌಕಟ್ಟಿನ ಒಳಗೇ ನಿಂತಿದ್ದರೆ ಅದು ಮುಂದಿನಿಂದ, ಎಂದರೆ ತಿದಿಯಿಂದಲೋ ಷಟರಿನ ಪರದೆಯಿಂದಲೋ ಬಂದಿದೆ; ಏಕೆಂದರೆ ಫಿಲಮಿನ ಮುಂದಿರುವ ಲೋಹದ ಚೌಕಟ್ಟು ಅಂಚುಗಳನ್ನು ಆ ಕಡೆಯ ಬೆಳಕಿನಿಂದ ಕಾಪಾಡುತ್ತದೆ. ಚಿತ್ರದ ಮೇಲೆ ಅಂಕೆಯ ನೆರಳೋ ದುಂಡನೆಯ ಕಲೆಯೋ ಬಿದ್ದಿದ್ದರೆ ಹಿಂಬದಿಯ ಕೆಂಪು ಕಿಟಕಿಯನ್ನು ಅನುಮಾನಿಸಬೇಕು. ಆ ಕಿಟಕಿ ಕೆಂಪಾಗಿರುವುದಕ್ಕೆ ಕಾರಣ, ಹಿಂದಿನ ಕಾಲದ ಅನೇಕ ಫಿಲಂಗಳು ಕೆಂಪು ಬೆಳಕನ್ನು ಗ್ರಹಿಸುತ್ತಿರಲಿಲ್ಲ. ಈಗಿನ ಫಿಲಂಗಳು ಎಲ್ಲ ಬಣ್ಣಗಳನ್ನೂ ಗ್ರಹಿಸುವುದರಿಂದ ಆ ರಕ್ಷಣೆ ಹೋಯಿತು. ಫಿಲಂ ತಿರುಗಿಸುವ ಹೊತ್ತು ಬಿಟ್ಟು ಉಳಿದ ಹೊತ್ತಿನಲ್ಲಿ ಕಿಟಕಿಯ ಮೇಲೆ ಕಪ್ಪು ಪಟ್ಟಿಯೊಂದನ್ನು ಅಂಟಿಸಿದರೆ ಸಾಕು. ಬಿಚ್ಚುವುದಕ್ಕೆ ಏನೂ ಇಲ್ಲ.

ಇನ್ನು ಷಟರಿನ ವಿಷಯ. ಇದು ಸ್ವಲ್ಪ ದೀರ್ಘವಾದೀತು. ಆದರೆ ಹಳೆಯ ಕ್ಯಾಮರಾದ ಪ್ರಾಣವಿರುವುದು ಇಲ್ಲಿಯೇ. ಷಟರುಗಳಲ್ಲಿ ಎರಡು ಮುಖ್ಯ ಜಾತಿಗಳುಂಟು. ಮೊದಲನೆಯದು ಮಸೂರದ ನಡುವೆಯೇ ಕೂತ ಎಲೆಯ ಷಟರು. ಕಾಗದದಷ್ಟು ತೆಳುವಾದ ಉಕ್ಕಿನ ಮೂರೋ ಐದೋ ಎಲೆಗಳು ಒಂದರ ಮೇಲೊಂದು ಒರಗಿದ್ದು, ಗುಂಡಿಯೊತ್ತಿದಾಗ ಹೂವಿನಂತೆ ತೆರೆದು ಮತ್ತೆ ಮುಚ್ಚಿಕೊಳ್ಳುತ್ತವೆ. ಅವನ್ನು ತೆರೆಯುವುದು ಸ್ಪ್ರಿಂಗಿನ ಬಲ. ವೇಗವಾದ ಅಂಕೆಗಳಲ್ಲಿ ಆ ಸ್ಪ್ರಿಂಗು ತಡೆಯಿಲ್ಲದೆ ಓಡುತ್ತದೆ. ಒಂದು ಸೆಕೆಂಡು, ಅರ್ಧ ಸೆಕೆಂಡುಗಳಿಗೆ ಅದನ್ನು ತಡೆದು ನಿಧಾನಮಾಡಲು ಯಾವುದಾದರೊಂದು ಉಪಾಯ ಬೇಕು. ಮೊದಮೊದಲು ಸಣ್ಣದೊಂದು ಗಾಳಿಯ ಕೊಳವೆಯಿಂದ ಈ ಕೆಲಸವನ್ನು ಮಾಡಿಸುತ್ತಿದ್ದರು. ೧೯೧೨ರಲ್ಲಿ ಮ್ಯೂನಿಕ್ ನಗರದ ಡೆಕೆಲ್ ಕಂಪೆನಿಯವರು ಹೊರತಂದ ಕೊಂಪೂರ್ ಷಟರಿನಲ್ಲಿ ಅದರ ಬದಲಿಗೆ ಗಡಿಯಾರದಲ್ಲಿರುವಂತೆ ಹಲ್ಲುಚಕ್ರಗಳ ಸಾಲೊಂದನ್ನು ಇಟ್ಟರು. ಮುಂದೆ ಬಂದ ಬಹುಪಾಲು ಎಲೆಯ ಷಟರುಗಳು ಈ ಮಾರ್ಗವನ್ನೇ ಹಿಡಿದುವು.

ಆದುದರಿಂದ ಎಲೆಯ ಷಟರಿನ ಮುಪ್ಪು ಮೊದಲು ಕಾಣಿಸಿಕೊಳ್ಳುವುದು ನಿಧಾನದ ಅಂಕೆಗಳಲ್ಲಿ. ಹಲ್ಲುಚಕ್ರಗಳ ಅಚ್ಚುಗಳಲ್ಲಿದ್ದ ತೆಳು ಎಣ್ಣೆ ಎಷ್ಟೋ ದಶಕಗಳಲ್ಲಿ ಅಂಟಾಗಿ, ಅದಕ್ಕೆ ಧೂಳು ಸೇರಿ, ಸಾಲು ಎಳೆದಾಡತೊಡಗುತ್ತದೆ. ೧/೧೦೦ ಸರಿಯಾಗಿದ್ದು ೧/೫ ತೊದಲಿದರೆ ಕಾಯಿಲೆ ಹಲ್ಲುಚಕ್ರದ್ದು. ಎಲ್ಲ ಅಂಕೆಗಳಲ್ಲಿಯೂ ಎಲೆಗಳು ಸೋಮಾರಿಯಾಗಿ ತೆರೆದರೆ, ಇಲ್ಲವೆ ತೆರೆಯದೇ ಇದ್ದರೆ, ಎಲೆಗಳ ಮೇಲೆ ಎಣ್ಣೆ ಹರಡಿದೆ. ಎರಡು ಗಾಜಿನ ಹಲಗೆಗಳ ನಡುವೆ ಒಂದು ಹನಿ ನೀರು ಬಿಟ್ಟು ಒತ್ತಿದರೆ ಅವನ್ನು ಬೇರ್ಪಡಿಸುವುದು ಎಷ್ಟು ಕಷ್ಟವೆಂಬುದನ್ನು ಎಲ್ಲರೂ ಕಂಡಿದ್ದಾರೆ. ತೆಳು ಎಲೆಗಳ ನಡುವೆ ಹೊಕ್ಕ ಎಣ್ಣೆಯೂ ಅದೇ ಕೆಲಸ ಮಾಡುತ್ತದೆ. ಸ್ಪ್ರಿಂಗಿನ ಬಲ ಅದನ್ನು ಮೀರಲಾರದು. ಬಿಡುಗಡೆಯ ಲಿವರು ‘ಟಿಕ್’ ಎನ್ನುತ್ತದೆ; ಎಲೆಗಳು ಮಾತ್ರ ಅಲುಗುವುದಿಲ್ಲ. ನಾವು ಬಿಟ್ಟ ತೊಟ್ಟು ಮೊದಲ ದಿನ ಹಲ್ಲುಚಕ್ರಗಳನ್ನು ನೆನಸಿ ಅವನ್ನು ಓಡಿಸಿತು. ಎರಡು ತಿಂಗಳಲ್ಲಿ ಅಲ್ಲಿಂದ ಮೆಲ್ಲಗೆ ತೆವಳಿ ಎಲೆಗಳನ್ನು ಸೇರಿತು. ಫಿಲಂ ಹಾಕುವ ಮುನ್ನ ಹಿಂಬಾಗಿಲನ್ನು ತೆಗೆದು, ಕ್ಯಾಮರಾವನ್ನು ಆಕಾಶಕ್ಕೆ ಹಿಡಿದು ಒಮ್ಮೆ ಗುಂಡಿಯೊತ್ತಿ ನೋಡಿದ್ದರೆ ಸಾಕಾಗಿತ್ತು. ಅರ್ಧ ನಿಮಿಷದ ಕೆಲಸ.

ಇದಕ್ಕೆ ಪರಿಹಾರ ಎಣ್ಣೆಯಲ್ಲ, ಎಣ್ಣೆಯನ್ನು ತೆಗೆಯುವುದು. ಸಿಗರೇಟಿನ ಲೈಟರಿಗೆ ತುಂಬುವ ನ್ಯಾಫ್ತಾ ದ್ರವವು ಬೇಗ ಆರಿಹೋಗಿ ಹಿಂದೆ ಜಿಡ್ಡುಳಿಸುವುದಿಲ್ಲ. ಮುಂದಿನ ಮಸೂರವನ್ನು ತಿರುಗಿಸಿ ತೆಗೆದು, ನಯವಾದ ಕುಂಚವನ್ನೋ ಹತ್ತಿ ಸುತ್ತಿದ ಕಡ್ಡಿಯನ್ನೋ ಈ ದ್ರವದಲ್ಲಿ ಅದ್ದಿ ಎಲೆಗಳನ್ನು ಒರೆಸಿ, ಷಟರನ್ನು ಹಲವು ಬಾರಿ ನಡೆಸಿ, ಮತ್ತೆ ಒರೆಸಬೇಕು. ಮೊದಲ ಸಲ ಚೆನ್ನಾಗಿ ಓಡಿ ಆರಿದ ಮೇಲೆ ಮತ್ತೆ ನಿಂತರೆ ನಿರಾಶರಾಗಬೇಕಾಗಿಲ್ಲ. ಕರಗಿದ ಜಿಡ್ಡು ಇನ್ನೂ ಒಳಗಿದೆ ಎಂದಷ್ಟೇ ಅರ್ಥ. ಮೂರು ನಾಲ್ಕು ಸಲ ಒರೆಸಬೇಕಾಗುವುದುಂಟು. ಬಾಗಿಲು ಕಿಟಕಿಗಳನ್ನು ತೆರೆದಿಟ್ಟು, ಹತ್ತಿರದಲ್ಲಿ ದೀಪವಾಗಲಿ ಒಲೆಯಾಗಲಿ ಇಲ್ಲದಂತೆ ನೋಡಿಕೊಂಡು ಈ ಕೆಲಸ ಮಾಡತಕ್ಕದ್ದು; ನ್ಯಾಫ್ತಾ ಒಡನೆಯೇ ಹೊತ್ತಿಕೊಳ್ಳುವ ವಸ್ತು. ಹಲ್ಲುಚಕ್ರಗಳ ಸಾಲನ್ನೇ ಹೊರತೆಗೆದು ತೊಳೆಯಬೇಕಾದಾಗ ಗಡಿಯಾರ ಬಲ್ಲವರ ಕೈಗೆ ಕೊಡುವುದು ಲೇಸು. ಆ ಭದ್ರಾವತಿಯ ಹಿರಿಯರು ತೊಳೆದಾದ ಮೇಲೆ ಒಂದೆರಡು ಅಚ್ಚುಗಳಿಗೆ ಗಡಿಯಾರದ ಎಣ್ಣೆಯನ್ನು ಸೂಜಿಯ ಮೊನೆಯಿಂದ ಮುಟ್ಟಿಸುತ್ತಿದ್ದರು, ತೊಟ್ಟಿಕ್ಕುತ್ತಿರಲಿಲ್ಲ. ಎಲೆಗಳಿಗಂತೂ ಏನನ್ನೂ ಸೋಕಿಸುತ್ತಿರಲಿಲ್ಲ.

ಎರಡನೆಯ ಜಾತಿಯು ಫಿಲಮಿನ ಮುಂದೆಯೇ ಓಡುವ ಪರದೆಯ ಷಟರು. ೧೯೨೫ರಲ್ಲಿ ಮಾರುಕಟ್ಟೆಗೆ ಬಂದ ಲೈಕಾದಿಂದ ಮೊದಲ್ಗೊಂಡು ಅದರ ಹಾದಿಯಲ್ಲಿ ಬಂದ ಸೋವಿಯತ್ ಒಕ್ಕೂಟದ ಫೆಡ್, ಜೋರ್ಕಿಗಳಲ್ಲಿಯೂ, ಪೆಂಟಾಕ್ಸ್ ಕೆ ೧೦೦೦ದಂಥ ಕನ್ನಡಿಯ ಕ್ಯಾಮರಾಗಳಲ್ಲಿಯೂ ಇರುವುದು ಇದೇ. ರಬ್ಬರು ಲೇಪಿಸಿದ ಎರಡು ಬಟ್ಟೆಯ ಪರದೆಗಳು ಒಂದರ ಹಿಂದೊಂದು ಒಂದೇ ದಿಕ್ಕಿಗೆ ಓಡುತ್ತವೆ. ಅವುಗಳ ನಡುವಣ ಸೀಳಿನ ಮೂಲಕ ಬೆಳಕು ಫಿಲಮನ್ನು ಮುಟ್ಟುತ್ತದೆ. ಪರದೆಗಳ ಓಟದ ವೇಗ ಸಾಮಾನ್ಯವಾಗಿ ಒಂದೇ. ಸೀಳಿನ ಅಗಲ ಮಾತ್ರ ಬದಲಾಗುತ್ತದೆ. ೧/೧೦೦೦ಕ್ಕೆ ತಿರುಗಿಸಿದಾಗ ಆ ಸೀಳು ಬಹಳ ಕಿರಿದು. ಮೊದಲನೆಯ ಪರದೆ ಜಿಡ್ಡಿನಿಂದಲೋ ದುರ್ಬಲವಾದ ಸ್ಪ್ರಿಂಗಿನಿಂದಲೋ ತುಸು ಹಿಂದುಳಿದರೂ ಎರಡನೆಯದು ಬಂದು ಅದನ್ನು ಮುಟ್ಟಿಬಿಡುತ್ತದೆ. ಸೀಳು ದಾರಿಯಲ್ಲಿಯೇ ಮುಚ್ಚಿಹೋಗುತ್ತದೆ. ಆಗ ಚಿತ್ರದ ಒಂದು ಕೊನೆ ಅಚ್ಚಿನಲ್ಲಿ ಕಪ್ಪಾಗಿಬಿಡುತ್ತದೆ. ಅಗಲವಾದ ಸೀಳಿನಲ್ಲಿ, ಎಂದರೆ ೧/೬೦ರಲ್ಲಿ, ಇದೇ ದೋಷ ಗೊತ್ತಾಗುವುದೇ ಇಲ್ಲ. ಹೀಗಾಗಿ ಎಲೆಯ ಷಟರಿನ ಮುಪ್ಪು ನಿಧಾನದಲ್ಲಿ ಕಾಣುವಂತೆ ಪರದೆಯ ಷಟರಿನ ಮುಪ್ಪು ಮೊದಲು ಕಾಣುವುದು ವೇಗದಲ್ಲಿ. ಇದೊಂದನ್ನು ತಿಳಿದಿದ್ದರೆ ಅರ್ಧ ರೋಗನಿರ್ಣಯ ಮುಗಿದಂತೆ. ಇಂಥ ಕ್ಯಾಮರಾ ಕೈಯಲ್ಲಿದ್ದು, ಸರಿಮಾಡುವವರು ಸಿಕ್ಕದಿದ್ದರೆ, ೧/೫೦೦, ೧/೧೦೦೦ಗಳ ಆಸೆಯನ್ನು ಬಿಟ್ಟು ಉಳಿದ ವೇಗಗಳಲ್ಲಿ ಸುಖವಾಗಿ ಚಿತ್ರ ತೆಗೆಯಬಹುದು. ಸ್ಪ್ರಿಂಗಿನ ತಿರುಪನ್ನು ಬಿಗಿದು ಪರದೆಯನ್ನು ಓಡಿಸುವವರುಂಟು; ಜಿಡ್ಡನ್ನು ತೊಳೆಯದೆ ಬಿಗಿಯುವುದು ಬಡಕಲು ಎತ್ತಿಗೆ ಬಾರುಕೋಲು ಬೀಸಿದಂತೆ.

ಪರದೆಗೆ ಇನ್ನೊಂದು ವಿಪತ್ತು ಸೂರ್ಯನಿಂದ. ಕನ್ನಡಿಯಿಲ್ಲದ ಲೈಕಾ, ಜೋರ್ಕಿಗಳ ಮಸೂರವನ್ನು ಮುಚ್ಚದೆ ಬಿಸಿಲಿಗೆ ಮುಖಮಾಡಿಟ್ಟರೆ, ಮಕ್ಕಳು ಭೂತಗನ್ನಡಿಯಿಂದ ಕಾಗದ ಸುಡುವಂತೆಯೇ, ಮಸೂರವು ಪರದೆಯನ್ನು ಸುಟ್ಟು ತೂತುಮಾಡುತ್ತದೆ. ಅಂಥ ತೂತು ಅಚ್ಚಿನಲ್ಲಿ ಬಿಳಿಯ ಚುಕ್ಕೆಯಾಗಿ, ಚಿತ್ರದಿಂದ ಚಿತ್ರಕ್ಕೆ ಹೆಚ್ಚು ಕಡಮೆ ಒಂದೇ ಎಡೆಯಲ್ಲಿ ಕಾಣಿಸಿಕೊಳ್ಳುತ್ತದೆ. ಮಸೂರವನ್ನು ಬಿಚ್ಚಿ, ಕತ್ತಲೆಯ ಕೋಣೆಯಲ್ಲಿ ಒಂದು ಕಡೆಯಿಂದ ಟಾರ್ಚು ಹಾಕಿ ಇನ್ನೊಂದು ಕಡೆಯಿಂದ ನೋಡಿದರೆ ಅದು ನಕ್ಷತ್ರದಂತೆ ಹೊಳೆಯುತ್ತದೆ. ಜೋರ್ಕಿ, ಫೆಡ್‌ಗಳನ್ನು ಉಳ್ಳವರು ಮತ್ತೊಂದನ್ನು ನೆನಪಿಡಬೇಕು: ಷಟರನ್ನು ಏರಿಸಿದ ಮೇಲೆಯೇ ವೇಗದ ಅಂಕೆಯನ್ನು ಬದಲಿಸತಕ್ಕದ್ದು, ಏರಿಸುವ ಮುಂಚೆ ತಿರುಗಿಸಿದರೆ ಒಳಗಿನ ಭಾಗಗಳು ಕೆಡಬಹುದು.

ಕೆಡದ ಕ್ಯಾಮರಾವನ್ನು ಕೆಟ್ಟಿತೆಂದು ಬಗೆದು ಬಲ ಹಾಕಿ ನಿಜವಾಗಿ ಕೆಡಿಸುವುದುಂಟು. ಲಿವರು ಅಡ್ಡಗಟ್ಟಿ ನಿಂತರೆ, ಫಿಲಂ ಮುಗಿದಿರಬಹುದು. ಗುಂಡಿ ಒತ್ತಿಕೊಳ್ಳದಿದ್ದರೆ, ಫಿಲಂ ಮುಂದೂಡದೆ ಎರಡು ಸಲ ಒಂದೇ ಚಿತ್ರದ ಮೇಲೆ ತೆಗೆಯದಿರಲೆಂದು ಇಟ್ಟ ತಡೆ ಅಡ್ಡ ಬಂದಿರಬಹುದು. ೧೯೭೬ರ ಕ್ಯಾನನ್ ಎಇ-೧ ಬ್ಯಾಟರಿ ಸತ್ತರೆ ಒಂದು ಚಿತ್ರವನ್ನೂ ತೆಗೆಯದು. ಅದೇ ವರ್ಷದ ಪೆಂಟಾಕ್ಸ್ ಕೆ ೧೦೦೦ಕ್ಕೆ ಬ್ಯಾಟರಿ ಬೇಕಾಗುವುದು ಬೆಳಕನ್ನು ಅಳೆಯಲು ಮಾತ್ರ. ಯಾಷಿಕಾ ಎಲೆಕ್ಟ್ರೊ ೩೫ ಬ್ಯಾಟರಿಯಿಲ್ಲದಾಗ ೧/೫೦೦ ಒಂದರಲ್ಲಿಯೇ ನಡೆಯುತ್ತದೆ. ಅದನ್ನು ತಿಳಿಯದವರು, ಚಿತ್ರಗಳೆಲ್ಲ ಕತ್ತಲೆಯಾದುವೆಂದು ಷಟರನ್ನು ದೂರುತ್ತಾರೆ. ಫ್ಲಾಷಿನ ಜಾಗದಲ್ಲಿ ‘ಎಂ’ ಮತ್ತು ‘ಎಕ್ಸ್’ ಎಂದು ಎರಡು ಗುರುತುಗಳಿದ್ದರೆ, ‘ಎಂ’ ಎಂಬುದು ಹಿಂದಿನ ಸುಡುವ ಬಲ್ಬುಗಳಿಗೆ. ಆ ಬಲ್ಬು ಪೂರ್ಣವಾಗಿ ಉರಿಯಲು ಹೊತ್ತು ಹಿಡಿಯುವುದರಿಂದ ಷಟರು ತೆರೆಯುವುದಕ್ಕೆ ಮೊದಲೇ ಅದನ್ನು ಹೊತ್ತಿಸುತ್ತಾರೆ. ಅಲ್ಲಿ ಈಗಿನ ಎಲೆಕ್ಟ್ರಾನಿಕ್ ಫ್ಲಾಷನ್ನು ಜೋಡಿಸಿದರೆ, ಎಲೆಗಳು ತೆರೆಯುವ ಮೊದಲೇ ಬೆಳಕು ಬಂದು ಹೋಗಿರುತ್ತದೆ. ಅದೇ ಲಿವರಿನ ಮೂರನೆಯ ಗುರುತಾದ ‘ವಿ’ ಎಂಬುದು, ತೆಗೆಯುವವರೂ ಓಡಿಹೋಗಿ ಗುಂಪಿನಲ್ಲಿ ನಿಲ್ಲಲೆಂದು ಇಟ್ಟ ತಡದ ಯಂತ್ರ. ಹಳೆಯ ಷಟರಿನಲ್ಲಿ ಇದನ್ನು ಮುಟ್ಟದಿರುವುದೇ ಕ್ಷೇಮ. ಅದು ಅರ್ಧದಾರಿಯಲ್ಲಿ ನಿಂತರೆ ಇಡೀ ಷಟರನ್ನೇ ತನ್ನೊಡನೆ ನಿಲ್ಲಿಸುತ್ತದೆ.

ಪಾದರಸದ ಬ್ಯಾಟರಿಗಳ ಮಾತೂ ಇಲ್ಲಿಯೇ ಬರಲಿ. ಕ್ಯಾನೊನೆಟ್, ಮಿನೋಲ್ಟಾ ಎಸ್‌ಆರ್‌ಟಿ ೧೦೧ ಮೊದಲಾದುವುಗಳ ಬೆಳಕಿನ ಮಾಪಕಗಳು ೧.೩೫ ವೋಲ್ಟಿನ ಪಾದರಸದ ಬ್ಯಾಟರಿಗೆ ಹೊಂದಿಸಿದಂಥವು. ವಿಷದ ಕಾರಣದಿಂದ ಆ ಬ್ಯಾಟರಿಗಳು ಮಾರುಕಟ್ಟೆಯಿಂದ ಮರೆಯಾದುವು. ೧.೫ ವೋಲ್ಟಿನದನ್ನು ಹಾಕಿದರೆ ಮುಳ್ಳು ಇರುವುದಕ್ಕಿಂತ ಹೆಚ್ಚು ಬೆಳಕನ್ನು ತೋರಿಸಿ, ಚಿತ್ರ ಕಪ್ಪಾಗುತ್ತದೆ. ಕಿವಿ ಮಂದವಾದವರ ಶ್ರವಣಯಂತ್ರಕ್ಕೆ ಹಾಕುವ ೬೭೫ ಅಂಕೆಯ ಬ್ಯಾಟರಿಯು ಸುಮಾರು ೧.೪ ವೋಲ್ಟಿನದು. ಅದು ತುಸು ಸಣ್ಣದಾದ್ದರಿಂದ ಸುತ್ತಲೂ ಉಂಗುರವೊಂದನ್ನು ತೊಡಿಸಿದರೆ ಕೆಲಸ ನಡೆಯುತ್ತದೆ. ಆದರೆ ಗಾಳಿ ಸೋಕಿದ ಮೇಲೆ ಅದರ ಆಯುಷ್ಯ ಕೆಲವು ವಾರಗಳು.

ಫಿಲಂ ಸಾಗಿಸುವ ಯಂತ್ರದಲ್ಲಿ ಅಷ್ಟೇನೂ ರಹಸ್ಯವಿಲ್ಲ. ೩೫ ಮಿಲಿಮೀಟರಿನ ಕ್ಯಾಮರಾದಲ್ಲಿ ಫಿಲಂ ಹಾಕಿ ಮುಚ್ಚಿದ ತರುವಾಯ ಹಿಂದಕ್ಕೆ ಸುತ್ತುವ ಗುಬುಟನ್ನು ಮೆಲ್ಲಗೆ ತಿರುಗಿಸಿ ಸಡಿಲವನ್ನು ತೆಗೆಯಬೇಕು. ಆಮೇಲೆ ಲಿವರು ಎಳೆದಾಗಲೆಲ್ಲ ಆ ಗುಬುಟು ತಾನಾಗಿ ತಿರುಗುತ್ತಿದ್ದರೆ ಫಿಲಂ ಸಾಗುತ್ತಿದೆ. ತಿರುಗದಿದ್ದರೆ ಫಿಲಮಿನ ತುದಿ ಸುರುಳಿಗೆ ಸಿಕ್ಕಿಕೊಂಡಿಲ್ಲ. ಮೂವತ್ತಾರು ಚಿತ್ರ ತೆಗೆದೆನೆಂದು ಹಿಗ್ಗಿ, ಒಂದೂ ಇಲ್ಲವೆಂದು ಅಳುವ ಪ್ರಸಂಗ ಇದರಿಂದ ತಪ್ಪುತ್ತದೆ. ಚಿತ್ರಗಳು ಒಂದರ ಮೇಲೊಂದು ಏರಿದ್ದರೆ ಸಾಗಿಸುವ ಯಂತ್ರ ಜಾರುತ್ತಿದೆ; ಅದು ರಿಪೇರಿಯವರ ಕೆಲಸ. ಉದ್ದಕ್ಕೂ ನೇರ ಗೀರು ಬಿದ್ದಿದ್ದರೆ ಹಿಂಬಾಗಿಲಿನ ಒತ್ತುಹಲಗೆಯ ಮೇಲೆ ಮರಳಿನ ಕಣವಿದೆಯೇ ಎಂದು ಬೆರಳಿನಿಂದ ಸವರಿ ನೋಡಬೇಕು.

ಮಡಚುವ ಕ್ಯಾಮರಾದ ತಿದಿಗೂ ಕಮ್ಮಾರನ ತಿದಿಗೂ ಹೆಸರೊಂದೇ ಅಲ್ಲ, ದೋಷವೂ ಒಂದೇ: ಮಡಿಕೆಯ ಮೂಲೆಗಳು ಮೊದಲು ಸವೆಯುತ್ತವೆ. ಕತ್ತಲೆಯಲ್ಲಿ ಒಳಗಡೆ ಸಣ್ಣ ಟಾರ್ಚನ್ನಿಟ್ಟು ಹೊರಗಿನಿಂದ ಪ್ರತಿಯೊಂದು ಮೂಲೆಯನ್ನೂ ನೋಡತಕ್ಕದ್ದು. ಸೂಜಿಮೊನೆಯಷ್ಟು ತೂತುಗಳಿಗೆ ಬಟ್ಟೆಗೆ ಹಚ್ಚುವ ಕಪ್ಪು ಬಣ್ಣವನ್ನು ತೆಳುವಾಗಿ ಹಚ್ಚಿ, ಪೂರ್ಣ ಆರಿದ ಮೇಲೆ ಮಡಚಬೇಕು. ತಿದಿಯನ್ನು ಥಟ್ಟನೆ ಬಿಚ್ಚಿದರೆ ಒಳಗೆ ಗಾಳಿ ವಿರಳವಾಗಿ ಫಿಲಂ ಮುಂದಕ್ಕೆ ಉಬ್ಬುತ್ತದೆ. ಆದುದರಿಂದ ಮೊದಲು ಮೆಲ್ಲಗೆ ಬಿಚ್ಚಿ, ಆಮೇಲೆ ಫಿಲಮನ್ನು ಮುಂದೂಡುವುದು ಸರಿ. ಅಗ್ಫಾ ಐಸೊಲೆಟ್ ಮೊದಲಾದ ಮಡಚುವ ಕ್ಯಾಮರಾಗಳಲ್ಲಿ ದೂರವನ್ನು ಹೊಂದಿಸುವ ಮರೆಗಳಿಗೆ ಹಾಕಿದ್ದ ಹಸಿರು ಗ್ರೀಸು ಕಾಲಾಂತರದಲ್ಲಿ ಗಾರೆಯಂತೆ ಕಚ್ಚಿಕೊಳ್ಳುತ್ತದೆ. ಇದರ ಕುಚೋದ್ಯವೇನೆಂದರೆ, ಬಲವಾಗಿ ತಿರುಗಿಸಿದಾಗ ಮುಂದಿನ ಮಸೂರವು ತಾನೊಂದೇ ತಿರುಗದೆ ಅದರ ಹಿಂದಿನದನ್ನೂ ಜೊತೆಗೆ ತಿರುಗಿಸುತ್ತದೆ. ತಿರುಗಿತೆಂದು ನಾವು ಸಂತೋಷಪಡುತ್ತೇವೆ. ಚಿತ್ರಗಳೆಲ್ಲ ಮಸುಕಾಗಿ ಬರುತ್ತವೆ. ನ್ಯಾಫ್ತಾವನ್ನು ಸಂದಿಗೆ ತೊಟ್ಟುತೊಟ್ಟಾಗಿ ಬಿಟ್ಟು ಹಲವು ಗಂಟೆಗಳು ಕಾಯುವುದೇ ಇದಕ್ಕೆ ದಾರಿ, ಇಕ್ಕಳವನ್ನು ಹಿಡಿಯಬಾರದು. ಬಿಚ್ಚುವ ಮುನ್ನ ಅನಂತದ ಗುರುತಿನಲ್ಲಿ ಎರಡು ಭಾಗಗಳಿಗೂ ಸೇರಿದಂತೆ ಸೂಜಿಯಿಂದ ಒಂದು ಗೀರು ಹಾಕಿಕೊಂಡು, ಮರೆ ಬಿಡಿಸಿಕೊಂಡು ಹೊರಬರುವ ಎಡೆಯನ್ನೂ ಬರೆದುಕೊಂಡಿರಬೇಕು. ಇಲ್ಲದಿದ್ದರೆ ಮತ್ತೆ ಕೂರಿಸುವಾಗ ಯಾವ ಮರೆಗೆ ಸೇರಿಸಬೇಕೆಂಬುದೇ ತಿಳಿಯದು.

೧೯೭೦ರ ದಶಕದ ಜಪಾನಿನ ಕ್ಯಾಮರಾಗಳ ಹಿಂಬಾಗಿಲ ಸಂದಿನಲ್ಲಿ ಬೆಳಕು ತಡೆಯಲೆಂದು ಕೂರಿಸಿದ ಸ್ಪಂಜು ಈಗ ಡಾಂಬರಿನಂತೆ ಕರಗಿರುತ್ತದೆ. ಕನ್ನಡಿಯ ಮೇಲ್ಭಾಗಕ್ಕೆ ಇದೇ ಸ್ಪಂಜಿದ್ದು, ಕನ್ನಡಿ ಅದಕ್ಕೆ ಅಂಟಿ ನಿಂತಿರುವುದನ್ನೂ ಷಟರಿನ ರೋಗವೆಂದು ತಿಳಿಯುವವರಿದ್ದಾರೆ. ಸ್ಪಿರಿಟ್ಟು ಮುಟ್ಟಿಸಿದ ಮರದ ಕಡ್ಡಿಯಿಂದ ಇದನ್ನು ಕೆರೆದು ತೆಗೆದು, ಹಿಂಬಾಗಿಲ ಕಾಲುವೆಯಲ್ಲಿ ಕಪ್ಪು ಉಣ್ಣೆಯ ದಾರವನ್ನು ಕೂರಿಸಬಹುದು. ಕನ್ನಡಿಯ ಮುಖವನ್ನು ಮಾತ್ರ ಯಾವ ಕಾರಣಕ್ಕೂ ಉಜ್ಜಬಾರದು. ಅದರ ಬೆಳ್ಳಿಯ ಲೇಪ ಗಾಜಿನ ಹಿಂದೆ ಇರುವುದಿಲ್ಲ, ಮುಂದೆಯೇ ಇರುತ್ತದೆ.

ಇನ್ನು ನಮ್ಮ ಸೀಮೆಯ ತೇವ. ಇದೇ ಜಿಲ್ಲೆಯ ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ ೭೦೦೦ ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುತ್ತದೆ. ಶಿವಮೊಗ್ಗ, ಭದ್ರಾವತಿಗಳಿಗೆ ಅಷ್ಟು ಮಳೆಯಿಲ್ಲವಾದರೂ ಆಷಾಢ ಶ್ರಾವಣಗಳಲ್ಲಿ ಗೋಡೆ, ಬಟ್ಟೆ, ಪುಸ್ತಕಗಳ ಸ್ಥಿತಿ ಏನಾಗುವುದೆಂಬುದು ಇಲ್ಲಿನವರಿಗೆ ಗೊತ್ತು. ಗಾಳಿಯ ತೇವಾಂಶ ಶೇಕಡ ೬೦, ೬೫ನ್ನು ಮೀರಿ ಬಹುಕಾಲ ನಿಂತರೆ ಮಸೂರಗಳ ಮೇಲೆ ಬೂಷ್ಟು ಬೆಳೆಯತೊಡಗುತ್ತದೆ. ಜೇಡನ ಬಲೆಯಂತೆ ಹಬ್ಬುವ ಈ ಬೂಷ್ಟನ್ನು ಮೊದಲಲ್ಲೇ ಒರೆಸಿದರೆ ಹೋಗುತ್ತದೆ. ಬಿಟ್ಟರೆ ಅದು ಸ್ರವಿಸುವ ಆಮ್ಲವು ಗಾಜನ್ನೇ ಕೊರೆದು ಶಾಶ್ವತವಾದ ಗುರುತನ್ನು ಉಳಿಸುತ್ತದೆ. ಅತ್ಯಂತ ಕೆಟ್ಟ ಸ್ಥಳವೆಂದರೆ ಕ್ಯಾಮರಾದೊಡನೆ ಬಂದ ಚರ್ಮದ ಚೀಲವೇ. ಚರ್ಮ ತೇವವನ್ನು ಹೀರಿ ಹಿಡಿದಿಟ್ಟುಕೊಳ್ಳುತ್ತದೆ. ಬೂಷ್ಟಿಗೆ ಆಹಾರವೂ ಆಗುತ್ತದೆ. ಅಭಿಮಾನಕ್ಕಾಗಿ ಚೀಲವನ್ನು ಬೇರೆ ಇಟ್ಟುಕೊಳ್ಳಲಿ. ಕ್ಯಾಮರಾವನ್ನು ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ಲಿನೊಡನೆ ಇಡಲಿ. ನೀಲಿಯ ಜೆಲ್ಲು ತೇವ ಕುಡಿದು ನಸುಗೆಂಪಾದಾಗ ಬಿಸಿಮಾಡಿದರೆ ಮತ್ತೆ ನೀಲಿಯಾಗುತ್ತದೆ. ಆದರೆ ಅಡುಗೆಯ ಪಾತ್ರೆಯಲ್ಲಿ ಕಾಯಿಸಬಾರದು. ಮಲೆನಾಡಿನ ಮನೆಗಳಲ್ಲಿ ಒಲೆಯ ಮೇಲಿನ ಅಟ್ಟ ಬೆಚ್ಚಗಿರುವುದೆಂದು ಅಲ್ಲಿಡು ಎನ್ನುವ ಹಿರಿಯರುಂಟು. ಅಡಕೆಗೂ ಬೀಜಕ್ಕೂ ಅದು ಒಳ್ಳೆಯ ಸ್ಥಳ. ಕ್ಯಾಮರಾಕ್ಕೆ ಮಾತ್ರ ಆ ಶಾಖದಿಂದ ಒಳಗಿನ ಗ್ರೀಸು ಕರಗಿ ಹರಿದು ಎಲೆಗಳನ್ನು ಸೇರುತ್ತದೆ. ಹೊಗೆಯ ಮಸಿ ಬೇರೆ. ಎಲ್ಲಕ್ಕಿಂತ ಮುಖ್ಯವಾಗಿ ತಿಂಗಳಿಗೊಮ್ಮೆಯಾದರೂ ಹೊರತೆಗೆದು ಎಲ್ಲ ವೇಗಗಳಲ್ಲಿಯೂ ಷಟರನ್ನು ನಡೆಸಬೇಕು. ಬಳಸದೆ ಇಟ್ಟ ಕ್ಯಾಮರಾ ಬಳಸಿದುದಕ್ಕಿಂತ ಬೇಗ ಕೆಡುತ್ತದೆ.

ಷಟರಿನ ವೇಗವನ್ನು ಅಳೆಯುವುದು ಹಿಂದೆ ಪ್ರಯೋಗಶಾಲೆಯ ಕೆಲಸವಾಗಿತ್ತು. ಈಗ ಜೇಬಿನ ದೂರವಾಣಿಯೇ ಸಾಕು. ಸೆಕೆಂಡಿಗೆ ೨೪೦ ಚಿತ್ರಗಳಂತೆ ತೆಗೆಯುವ ನಿಧಾನಚಲನೆಯ ವ್ಯವಸ್ಥೆ ಅನೇಕ ದೂರವಾಣಿಗಳಲ್ಲಿದೆ. ಕ್ಯಾಮರಾದ ಹಿಂಬಾಗಿಲನ್ನು ತೆರೆದು, ಬೆಳಕಿನ ಕಡೆಗೆ ಹಿಡಿದು, ಷಟರು ತೆರೆದಿರುವಷ್ಟು ಹೊತ್ತು ಎಷ್ಟು ಚಿತ್ರಗಳು ಬಿದ್ದುವೆಂದು ಎಣಿಸಿದರೆ ಲೆಕ್ಕ ಸಿಕ್ಕುತ್ತದೆ: ೧/೪ ಸೆಕೆಂಡಿಗೆ ಅರವತ್ತು, ೧/೩೦ಕ್ಕೆ ಎಂಟು. ೧/೧೨೫ಕ್ಕೆ ಎರಡೇ ಬೀಳುವುದರಿಂದ ಅದಕ್ಕಿಂತ ವೇಗದ ಅಂಕೆಗಳಿಗೆ ಈ ಅಳತೆ ನಂಬತಕ್ಕದ್ದಲ್ಲ. ೧/೩೦ಕ್ಕೆ ಎಂಟರ ಬದಲು ಹತ್ತು ಬಿದ್ದರೆ ಗಾಬರಿಪಡಬೇಕಾಗಿಲ್ಲ. ನೆಗೆಟಿವ್ ಫಿಲಂ ಅಷ್ಟು ಹೆಚ್ಚಿನ ಬೆಳಕನ್ನು ಸುಲಭವಾಗಿ ಸಹಿಸುತ್ತದೆ. ಹದಿನಾರು ಬಿದ್ದರೆ, ಒಂದು ಅಂಕೆ ವೇಗವಾಗಿ ಇಟ್ಟು ತೆಗೆಯಬಹುದು. ತೊಂದರೆ ಕೊಡುವ ಷಟರು ಯಾವುದೆಂದರೆ, ಒಮ್ಮೆ ಎಂಟು, ಇನ್ನೊಮ್ಮೆ ಇಪ್ಪತ್ತು ತೋರಿಸುವಂಥದು. ನಿಧಾನವಾದರೂ ನಿಯತವಾಗಿರುವುದರೊಡನೆ ಸಂಸಾರ ಮಾಡಬಹುದು, ಚಂಚಲವಾದುದನ್ನು ತೊಳೆಯಲೇಬೇಕು.

ಭದ್ರಾವತಿಯ ಹಿರಿಯರು ಮಾವನವರ ಕ್ಯಾಮರಾವನ್ನು ಹದಿನೈದು ದಿನ ಇಟ್ಟುಕೊಂಡು ಮರಳಿಸಿದರು. ಹಣ ಕೇಳಿದ್ದು ಬಹಳ ಸ್ವಲ್ಪ. ಹಿಂಬಾಗಿಲಿನ ಒಳಭಾಗದಲ್ಲಿ, ಫಿಲಂ ತಾಗದ ಮೂಲೆಯಲ್ಲಿ, ಒಂದು ಸಣ್ಣ ಚೀಟಿಯನ್ನು ಅಂಟಿಸಿದ್ದರು. ಅದರಲ್ಲಿ ತೊಳೆದ ತಾರೀಖೂ, ಪ್ರತಿಯೊಂದು ವೇಗದ ಅಂಕೆಯ ಎದುರಿಗೆ ಅದು ನಿಜವಾಗಿ ನಡೆಯುವ ವೇಗವೂ ಪೆನ್ಸಿಲಿನಲ್ಲಿತ್ತು: ೧/೨೫ ಎಂಬುದು ೧/೨೦, ೧/೧೦ ಎಂಬುದು ೧/೭. ಕೆಳಗೆ, ‘ಎಣ್ಣೆ ಹಾಕಬಾರದು’ ಎಂದು ಎರಡು ಗೆರೆಯೆಳೆದು ಬರೆದಿದ್ದರು.